ಪುಂಡಿ ನಾರು

"ಗೋಡಿ ಕಟ್ಟಾಕ ಬಂದೀಯೋ, ಪುಂಡಿಪಲ್ಯ ಮಾಡಾಕ ಬಂದೀಯೋ?"

ಇಂಜಿನಿಯರ್ ಕಲ್ಯಾಣ್ ಮೇಸ್ತ್ರಿ ಎಲ್ಲಪ್ಪನ ಕೈಯಿಂದ ಪುಂಡಿ ಸೊಪ್ಪಿನ ಗಿಡದ ನಾರಿನ ಕಟ್ಟು ಕಿತ್ತು ಎಸೆದ. ಮಣ್ಣು ತುಳಿಯುತ್ತಿದ್ದ ಹತ್ತು ಮಂದಿಯೂ ಕಾಲು ನಿಲ್ಲಿಸಿದರು.

"ಐದನೇ ಕ್ಲಾಸಿಗೆ ಸಾಲಿ ಬಿಟ್ಟಾಂವ. ಒಂದಕ್ಷರ ಬರಂಗಿಲ್ಲ. ನನಗ ಮಣ್ಣಿನ ಪಾಠ ಹೇಳ್ತಿ?"

ಎಲ್ಲಪ್ಪ ನಾರು ಎತ್ತಿಕೊಂಡು ಧೂಳು ಕೊಡವಿದ.

ಮಕ್ತಲ್ ಊರ ಹೊರಗೆ ಹನ್ನೆರಡು ಮಣ್ಣಿನ ಮನೆ ಏಳಬೇಕಿತ್ತು. ಅದಕ್ಕೆ ಮೊದಲು ಎರಡು ಮಾದರಿ ಗೋಡೆ, ಒಂದು ಕಲ್ಯಾಣನ ಲೆಕ್ಕದ್ದು, ಒಂದು ಎಲ್ಲಪ್ಪನದು. ನೀರು ಹೊಡೆದಾಗ ನಿಂತದ್ದು ಗೆದ್ದಂತೆ. ಕಲ್ಯಾಣನದು ಗೆದ್ದರೆ ಹೈದರಾಬಾದಿನಿಂದ ಯಂತ್ರ ಬರುತ್ತದೆ. ಎಲ್ಲಪ್ಪನ ತಂಡ ಮತ್ತೆ ಕೂಲಿಗೆ ಪುಣೆ ಬಸ್ಸು ಹತ್ತಬೇಕು.

"ನಂದೂ ನೀವೇ ಕಟ್ರಿ. ಜರಡಿ ಹಿಡಿದ ಮಣ್ಣು, ನೀರು. ಕಸಕಡ್ಡಿ ಬ್ಯಾಡ." ಕಲ್ಯಾಣ್ ಮಣ್ಣು ಮುಟ್ಟಲಿಲ್ಲ. ಅಂಗಿ ಬಿಳಿಯದು. ಇಂಗ್ಲಿಷಿನಲ್ಲಿ ಇಬ್ಬರ ಹೆಸರು ಬರೆಸಿದ ಎರಡು ಬೋರ್ಡು ಕೊಟ್ಟು ಕಾರು ಹತ್ತಿದ.

ಅವನ ಗೋಡೆ ಒಂದೇ ದಿನದಲ್ಲಿ ಎದ್ದಿತು. ಎಲ್ಲಪ್ಪನ ಮಣ್ಣು ಎಂಟು ದಿನ ನೆನೆಯಿತು, ನಾರಿನೊಂದಿಗೆ ತುಳಿಸಿಕೊಂಡಿತು. ಮೇಲೆ ಎರಡಕ್ಕೂ ಒಂದೇ ಮಣ್ಣಿನ ಗಿಲಾವು ಮೆತ್ತಿದರು. ಅಕ್ಕಪಕ್ಕ ನಿಂತರೆ ಅವಳಿ ಜವಳಿ.

ಎಲ್ಲಪ್ಪ ಬೋರ್ಡು ನೆಟ್ಟ. ಒಂದು ತಲೆಕೆಳಗಾಗಿತ್ತು, ತಿರುಗಿಸಿ ನೆಟ್ಟ.

ಪರೀಕ್ಷೆಯ ದಿನ ಕಲ್ಯಾಣ್ ಮರಳಿದ, ನಾರಾಯಣಪೇಟೆಯಿಂದ ಅಧಿಕಾರಿ ರಾಧಿಕಾ ಬಂದರು. ಟ್ಯಾಂಕರಿನ ಪೈಪು ಎರಡೂ ಗೋಡೆಗೆ ನೀರು ಕಾರಿತು. ಅರ್ಧ ಗಂಟೆಗೆ ಎಲ್ಲಪ್ಪನ ಹೆಸರಿನ ಗೋಡೆ ಬುಡ ಬಿಟ್ಟು ಕುಸಿಯಿತು. ಕಲ್ಯಾಣನ ಹೆಸರಿನದು ಕದಲಲಿಲ್ಲ.

ಕಲ್ಯಾಣ್ ನಕ್ಕ. "ನೋಡಿದ್ರ್ಯಾ ಮೇಡಂ? ನಾರು ಹಾಕಿದ್ರ ಹಿಂಗ. ಪಲ್ಯ ಆತು!"

ಮಣ್ಣು ತುಳಿಯುವ ಮೊಗುಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು.

"ಅಳಬ್ಯಾಡಬೇ," ಅಂದ ಕಲ್ಯಾಣ್. "ಪುಣೆದಾಗೂ ಕೆಲಸ ಐತಿ."

"ಹಂಗಾದ್ರ ಹನ್ನೆರಡೂ ಮನಿ ಈ ನಿಂತ ಗೋಡಿ ಹಂಗೇ?" ರಾಧಿಕಾ ಪೆನ್ನು ತೆಗೆದರು.

"ಹಂಗೇ ರೀ ಮೇಡಂ. ಒಂದೆಳಿ ಬದಲಾಗಬಾರ್ದು."

ಅವರು ಬರೆದರು. ಕಲ್ಯಾಣ್ ಕೆಳಗೆ ಸಹಿ ಹಾಕಿದ.

ಎಲ್ಲಪ್ಪ ನಿಂತ ಗೋಡೆಯ ಮೂಲೆಗೆ ಬೆರಳು ಹಾಕಿ ಕೆದಕಿದ. ಗೇಣುದ್ದ ಪುಂಡಿ ನಾರು ಬಂತು. ಅದನ್ನು ಕಲ್ಯಾಣನ ಅಂಗೈಯಲ್ಲಿಟ್ಟ.

"ಬೋರ್ಡು ಇಂಗ್ಲಿಷಿನ್ಯಾಗ ಇದ್ದುವ್ರಿ ಸಾರ್. ನನಗ ಒಂದಕ್ಷರ ಬರಂಗಿಲ್ಲಂತ ನೀವೇ ಹೇಳಿದ್ರಲ್ಲ?"

ಮೊಗುಲಮ್ಮ ಸೆರಗು ತೆಗೆದು ಗಟ್ಟಿಯಾಗಿ ನಕ್ಕಳು. ಕಲ್ಯಾಣ್ ಕಾರಿನತ್ತ ನಡೆದ, ನಾರು ಮುಷ್ಟಿಯಲ್ಲೇ ಇತ್ತು.