ಬೀರುವಿನೊಳಗಿನ ಹೀರೋ

ಮದುವೆ ನಿಂತುಹೋದ ಮೇಲೆ ಗೆಳೆಯ ಕಲ್ಲೇಶಿ, ಹೊಸ ಸಂಸಾರಕ್ಕೆಂದು ಕೊಂಡ ಸಾಮಾನನ್ನೆಲ್ಲ ಬಾಡಿಗೆ ಗೋದಾಮಿನ ಕೋಣೆಯೊಂದಕ್ಕೆ ತುಂಬಿಸಿದ. ನಾನೂ ಕೈಜೋಡಿಸಿದೆ. ಆ ಮದುವೆ ಯಾಕೆ ನಿಂತಿತೆಂದು ನನಗೊಬ್ಬನಿಗೇ ಗೊತ್ತಿತ್ತು. ಅವನು ಬಾಗಿಲಲ್ಲಿ ಮ್ಯಾನೇಜರ್ ಜೊತೆ ಮಾತಿಗಿಳಿದಾಗ ನಾನು ಕಬ್ಬಿಣದ ಬೀರುವಿನೊಳಗೆ ಅಡಗಿದೆ. 'ಬಂದ ನೋಡೋ ನಿನ್ನ ಯಮ!' ಎಂದು ಹೊರಗೆ ಹಾರುವುದು ನನ್ನ ಪ್ಲಾನು.

"ಗಾಳಿ ಆಡತ್ತಾ ಸಾರ್?"

"ಒಂಚೂರೂ ಇಲ್ಲ. ಧೂಳೂ ನುಸುಳಲ್ಲ."

"ಒಳಗಿನ ಸದ್ದು ಹೊರಗೆ ಕೇಳತ್ತಾ?"

"ಡೋಲು ಬಡಿದ್ರೂ ಕೇಳಲ್ಲ."

"ನಾನಿಲ್ದಾಗ ಯಾರಾದ್ರೂ ತೆಗೀತಾರಾ?"

"ಕೀ ನಿಮ್ಮತ್ರ ಮಾತ್ರ ಇರತ್ತೆ."

"ಹಾಗಾದ್ರೆ ಒಂದು ವರ್ಷಕ್ಕೆ ಬರ್ಕೊಳ್ಳಿ."

ಮ್ಯಾನೇಜರ್ ಹೋದ ಸದ್ದಾಯಿತು. ನಗು ತಡೆದುಕೊಂಡೆ. ಬೀರುವಿನ ಬೀಗದಲ್ಲಿ ಕೀಲಿ ತಿರುಗಿತು.

"ನನ್ನ ದನೀಲಿ ಹುಡುಗಿ ಮನೆಗೆ ಫೋನ್ ಮಾಡಿ ಮದ್ವೆ ಬೇಡ ಅಂದ್ಯಲ್ಲ, ಈಗ ಯಾರ ದನೀಲಿ ಕೂಗ್ತೀಯೋ ಹೀರೋ?"