ಮುಲಾಮು ಹಚ್ಚಿದ ಕೈ

ರೇಷ್ಮೆಹುಳುವಿನ ತಟ್ಟೆಯನ್ನು ಮೇಲಿನ ಸಾಲಿಗೆ ಏರಿಸಲು ಹೋದ ದಾನೇಶ್ವರಿಯ ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ತಟ್ಟೆ ವಾಲಿ ಹುಳುಗಳೆಲ್ಲ ನೆಲಕ್ಕೆ ಬಿದ್ದವು. ಅತ್ತೆ ದೊಡ್ಡಮಲ್ಲಮ್ಮ ಓಡಿಬಂದು, ಕುಕ್ಕುರುಗಾಲಲ್ಲಿ ಕೂತು, ಒಂದೊಂದನ್ನೇ ಆಯ್ದು ಸೊಪ್ಪಿನ ಮೇಲೆ ಬಿಟ್ಟಳು. ಒಂದು ಮಾತೂ ಬಯ್ಯಲಿಲ್ಲ. ಸೊಸೆಗೆ ಹೆದರಿಕೆಯಾದದ್ದು ಅದಕ್ಕೇ.

ಗಂಡ ಮಲ್ಲೇಶ್ ಬದನಗುಪ್ಪೆಯವರೆಗೆ ನಡೆದು, ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದ. ಆ ಊರು ಹೊಸದಾಗಿ ಜಿಲ್ಲಾಕೇಂದ್ರವಾಗಿತ್ತು. ಬಸ್‌ಸ್ಟ್ಯಾಂಡಿನ ಸುತ್ತ ಮೆಡಿಕಲ್ ಸ್ಟೋರುಗಳು ಎದ್ದಿದ್ದವು. ಮಧ್ಯಾಹ್ನ ನೋವಿನ ಮುಲಾಮಿನ ಒಂದು ಟ್ಯೂಬು ಹಿಡಿದು, ದೊಡ್ಡ ಸಾಹಸ ಮಾಡಿದವನ ಹಾಗೆ ಮನೆಯೊಳಗೆ ಬಂದ.

"ಒಸೀನೇ ತಕಂಡು ಮೆಲ್ಲಗೆ ಹಚ್ಬೇಕಂತೆ. ಗಸಗಸ ಉಜ್ಜಂಗಿಲ್ಲ. ಮೇಲೆ ಶಾಖ ಕೊಡಂಗಿಲ್ಲ, ಬಟ್ಟೆ ಬಿಗಿಯಂಗಿಲ್ಲ. ಹಚ್ಚಿದ ಕೈನ ಸೋಪಾಕಿ ತೊಳೀಬೇಕಂತೆ. ವಾರದೊಳ್ಗೆ ಕಮ್ಮಿ ಆಗ್ನಿಲ್ಲ ಅಂದ್ರೆ ಡಾಕ್ಟ್ರಿಗೆ ತೋರ್ಸಿ ಅಂದ್ರು."

ದಾನೇಶ್ವರಿ ಮುಚ್ಚಳ ತಿರುವಿ ಮೂಸಿದಳು. ಘಾಟು ಮೂಗಿಗೆ ಹೊಡೆಯಿತು. ತಟ್ಟನೆ ಮುಚ್ಚಿಬಿಟ್ಟಳು.

"ಬ್ಯಾಡ. ಈ ವಾಸ್ನೆ ತಕಂಡು ಒಳಿಕ್ಕೋದ್ರೆ ಹುಳ ಸೊಪ್ಪು ಮುಟ್ಟಾಕಿಲ್ಲ. ಗೂಡು ಕಟ್ಟಕ್ಕೆ ಇನ್ನು ಆರೇ ದಿನ. ತಡ್ಕತೀನಿ."

ಅವಳು ಹೇಳಿದ್ದು ಸುಳ್ಳಲ್ಲ. ಹುಳುಮನೆಯ ಕಟ್ಟುಪಾಡು ಅಡುಗೆಮನೆಯ ಮಡಿಗಿಂತ ಬಿಗಿ. ಒಗ್ಗರಣೆಯ ಹೊಗೆ ತಾಗಬಾರದು, ಹೊಗೆಸೊಪ್ಪು ಮುಟ್ಟಿದ ಕೈ ತಾಗಬಾರದು. ಬೀಡಿ ಸೇದುವ ಮಲ್ಲೇಶ್ ಮದುವೆಯಾದಾಗಿನಿಂದ ಆ ಹೊಸ್ತಿಲು ದಾಟಿದವನಲ್ಲ. ಚಟ ಕೆಟ್ಟದ್ದೇ ಇರಬಹುದು, ಆದರೆ ಅವನಿಗೆ ಬಹಳ ಅನುಕೂಲ ಮಾಡಿಕೊಟ್ಟಿತ್ತು.

ಸೊಸೆಯ ಮುಖವನ್ನೇ ನೋಡುತ್ತಿದ್ದ ದೊಡ್ಡಮಲ್ಲಮ್ಮ "ಕೊಡಿಲ್ಲಿ" ಎಂದು ಟ್ಯೂಬು ಕಿತ್ತುಕೊಂಡಳು. ತಿಪ್ಪೆಗೇ ಹೋಯಿತು ಎಂದುಕೊಂಡಳು ದಾನೇಶ್ವರಿ. ಅತ್ತೆ ಮಗನ ಕಡೆ ತಿರುಗಿದಳು.

"ಬೀಡಿ ಕಟ್ಟು ಬಿಸಾಕ್ಲಾ. ತಲೆ ಮೇಲೆ ನೀರುಯ್ಕಂಡು, ಬಾಯಿ ಮುಕ್ಕಳಿಸಿ, ಒಗ್ದಿರೋ ಪಂಚೆ ಉಟ್ಕಂಡು ಒಳಿಕ್ಕೋಗು. ಗೂಡು ಕಟ್ಟೋಗಂಟ ಸೊಪ್ಪಾಕದು ನೀನೇ."

"ನಾನಾ? ನನ್ಗೇನ್ ಗೊತ್ತವ್ವ!"

"ಇವ್ಳಿಗೆ ಮುಲಾಮು ಹಚ್ಚಿದ್ಮೇಲೆ ನನ್ ಕೈನೂ ಒಳಿಕ್ಕೆ ಆಗಕಿಲ್ಲ. ಬಾಗ್ಲಲ್ಲಿ ನಿಂತ್ಕಂಡು ಏಳ್ಕೊಡ್ತೀನಿ. ನಡಿ."

ಅವನು ಗೊಣಗುತ್ತ ಬಚ್ಚಲಿಗೆ ಹೋಗಿ, ಒದ್ದೆ ತಲೆಯಲ್ಲೇ ಹುಳುಮನೆ ಸೇರಿದ. ದೊಡ್ಡಮಲ್ಲಮ್ಮ ಸೊಸೆಯನ್ನು ಜಗಲಿಯ ಮರೆಯಲ್ಲಿ ಕೂರಿಸಿ, ರವಿಕೆ ಸರಿಸಿ, ಹುಳು ಎತ್ತುವಷ್ಟೇ ಹಗುರವಾಗಿ ಭುಜಕ್ಕೆ ಮುಲಾಮು ಸವರಿದಳು. ದಾನೇಶ್ವರಿಗೆ ಅಳು ಬಂತು. ತವರು ಬಿಟ್ಟ ಮೇಲೆ ಅವಳ ಮೈಯನ್ನು ಯಾರೂ ಅಷ್ಟು ಜೋಪಾನವಾಗಿ ಮುಟ್ಟಿರಲಿಲ್ಲ.

"ತಟ್ಟೆ ಎತ್ತಿ ಎತ್ತಿ ನಿಮ್ಗೂ ಭುಜ ನೋಯ್ತದಲ್ವಾ ಅತ್ತೆ. ತಿರೀಕಳಿ, ಹಚ್ತೀನಿ."

"ನಂದು ಹಳೇದು ಬುಡಮ್ಮಿ" ಎಂದಳು ಅತ್ತೆ. ಎಂದವಳು ತಿರುಗಿಯೂ ಕೂತಳು.

ಸೆರಗು ಸರಿಸಿದ ದಾನೇಶ್ವರಿ ಎಡಗೈ ಬೆರಳಲ್ಲಿ ಮುಲಾಮು ಹಿಡಿದವಳು ಹಚ್ಚದೆ ತಡೆದಳು. ಅತ್ತೆಯ ಬಲಭುಜದ ಮೇಲೆ ಸುಟ್ಟ ಕಲೆಗಳಿದ್ದವು. ಮೂರು, ಸಾಲಾಗಿ, ಕಪ್ಪಗೆ.

"ನಮ್ಮತ್ತೆ ಬರೆ ಆಕಿದ್ದು" ಎಂದಳು ದೊಡ್ಡಮಲ್ಲಮ್ಮ. "ಕೈ ಎತ್ತಕ್ಕಾಯ್ತಿಲ್ಲ ಅಂದೆ. ಅರಿಸಿನಕೊಂಬು ಕಾಯ್ಸಿ ಇಟ್ರು. ಅವತ್ತು ಸಂಜೇಗೇ ತಟ್ಟೆ ಎತ್ತುದೆ."

ಅಷ್ಟರಲ್ಲಿ ಹುಳುಮನೆಯ ಒಳಗಿನಿಂದ ಮಲ್ಲೇಶ್ ಕೂಗಿದ:

"ದಾನೇಶ್ವರೀ, ಒಂದು ಮಾತು ಏಳದು ಮರ್ತ್ಬುಟ್ಟೆ! ಮುಲಾಮ್ನ ಗಾಯದ ಮೇಲೆ ಹಚ್ಚಂಗಿಲ್ವಂತೆ!"

ದೊಡ್ಡಮಲ್ಲಮ್ಮ ಕತ್ತು ಹೊರಳಿಸಲಿಲ್ಲ.

"ನಲ್ವತ್ತು ವರ್ಷ ಆಯ್ತು. ಇನ್ನೂ ಗಾಯ ಅಂತಾರಾ, ಕೇಳು ಅವನ್ನ."