ಎಂಟು ಮಂದಿ ಅಭಿಮಾನಿಗಳು

ನನ್ನ ಕವಿತೆಗಳ ವೆಬ್‌ಸೈಟಿಗೆ ಎಂಟು ಮಂದಿ ಅಭಿಮಾನಿಗಳಿದ್ದರು. ಹೊಸ ಕವಿತೆ ಹಾಕಿದ ಹತ್ತೇ ನಿಮಿಷದಲ್ಲಿ ಎಂಟೂ ಮೆಚ್ಚುಗೆಗಳು ಬಂದು ಬೀಳುತ್ತಿದ್ದವು. ಮೊನ್ನೆ ಒಂಬತ್ತನೆಯವನೊಬ್ಬ ‘ಓದುಗ’ ಎಂಬ ಹೆಸರಿನಲ್ಲಿ ಬರೆದ: ‘ಬೆಳದಿಂಗಳ ಮೇಲೆ ಇದು ನಿಮ್ಮ ಹದಿನಾಲ್ಕನೇ ಕವಿತೆ. ಚಂದ್ರನಿಗೂ ಬೇಸರವಾಗಿರಬಹುದು.’

ಕೂಡಲೇ ಸೈಟ್ ನೋಡಿಕೊಳ್ಳುವ ಚಿದಂಬರನಿಗೆ ಫೋನ್ ಮಾಡಿದೆ.

“ಅವನು ಇನ್ನು ಒಳಗೆ ಕಾಲಿಡಬಾರದು.”

“ಐಪಿ ಅಡ್ರೆಸ್ ಬ್ಲಾಕ್ ಮಾಡ್ಬಹುದು ಸರ್. ಆದ್ರೆ ಆ ಮನೆ ವೈಫೈ ಬಳಸೋರೆಲ್ಲ ಹೊರಗೇ ಉಳೀತಾರೆ.”

“ಉಳೀಲಿ. ಅಂಥ ಮನೇಲಿ ಕವಿತೆ ಅರ್ಥ ಆಗೋರು ಯಾರಿರ್ತಾರೆ?”

ಮರುದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಸೈಟ್ ತೆರೆದರೆ, ‘ನಿಮಗೆ ಪ್ರವೇಶವಿಲ್ಲ’ ಎಂದಿತು. ಚಿದಂಬರ ಪರೀಕ್ಷಿಸಿ, ತುಸು ಕೆಮ್ಮಿ ಹೇಳಿದ: “ಸರ್, ನಾವು ಬ್ಲಾಕ್ ಮಾಡಿದ್ದು ನಿಮ್ಮ ಮನೆ ಅಡ್ರೆಸ್ಸನ್ನೇ.”

ಮನೆಯಲ್ಲಿರುವುದು ನಾವಿಬ್ಬರೇ. ಅಡುಗೆಮನೆಗೆ ಹೋದೆ. ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು:

“ಮೂರು ವರ್ಷ ಎಂಟು ಹೆಸರಲ್ಲಿ ಹೊಗಳಿದೀನಿ. ಒಂದೇ ಒಂದ್ಸಲ ನನಗನ್ನಿಸಿದ್ದು ಬರೆದ್ರೆ ಬ್ಲಾಕ್ ಮಾಡಿಸ್ತೀರಾ?”